ಬಾಯಲ್ಲಿ ನೂರು, ಕೈಯಲ್ಲಿ ಮೂರು!

"ನಮ್ಮ ಪುಟ್ಟ ಐವತ್ತರ ತನಕ ಹೇಳ್ತಾನೆ ಸ್ವಾಮಿ" ಎಂದು ಬೀಗುವ ಅಪ್ಪಂದಿರುಂಟು. ಅದೇ ಪುಟ್ಟನಿಗೆ "ಐದು ಬಿಸ್ಕತ್ತು ಕೊಡಪ್ಪಾ" ಎನ್ನಿ. ಸಿಕ್ಕಷ್ಟು ಬಾಚಿ ಕೊಟ್ಟಾನು! ಮೂರು ವರ್ಷದ ಎಷ್ಟೋ ಮಕ್ಕಳದ್ದು ಇದೇ ಕಥೆ. ಬಾಯಿಪಾಠ ಬೇರೆ, ಎಣಿಕೆ ಬೇರೆ.

ಮದ್ದು ದೂರವೇನಿಲ್ಲ, ಚನ್ನಪಟ್ಟಣದಲ್ಲೇ ಇದೆ. ಆಲೆ ಮರವನ್ನು ಲೇತಿಗೆ ಕೊಟ್ಟು, ಬಣ್ಣದ ಅರಗು ಹಿಡಿದು ಅಲ್ಲಿನವರು ತೆಗೆಯುವ ಬಳೆಗೋಪುರ, ಮಣಿಚೌಕಟ್ಟುಗಳೇ ಮಗುವಿನ ಮೊದಲ ಲೆಕ್ಕದ ಪುಸ್ತಕ. ದೊಡ್ಡ ಬಳೆಯ ಮೇಲೆ ಚಿಕ್ಕದು ಕೂರಬೇಕು. ತಪ್ಪಿದರೆ ಗೋಪುರವೇ ಸೊಟ್ಟಗೆ ಕಾಣುತ್ತೆ, ಮೇಷ್ಟ್ರು ಗದರಬೇಕಿಲ್ಲ. ಒಂದು ಮಣಿ ಸರಿಸಿದರೆ ಒಂದು ಅಂಕಿ. ಹೀಗೆ ದಿನಾ ಆಡಿದರೆ ಐದು ಎಂದರೆ ಎಷ್ಟು ಅನ್ನೋದು ಬೆರಳಿಗೇ ಗೊತ್ತಾಗುತ್ತೆ.

1837ರಲ್ಲಿ ಶಿಶುಶಾಲೆ ತೆರೆದ ಜರ್ಮನಿಯ ಫ್ರೋಬೆಲ್ ಮಕ್ಕಳ ಕೈಗೆ ಕೊಟ್ಟದ್ದೂ ಮರದ ಗುಂಡು, ಘನ, ಉರುಳೆಗಳನ್ನೇ.

ಒಂದು ಎಚ್ಚರಿಕೆ: ಬಾಯಿಗೆ ಹೋಗುವಷ್ಟು ಸಣ್ಣ ಮಣಿ ಎಳೆ ಮಕ್ಕಳಿಗೆ ಬೇಡ.

2023ರಲ್ಲಿ ಬೆಂಗಳೂರು–ಮೈಸೂರು ಹೊಸ ಹೆದ್ದಾರಿ ಊರಾಚೆ ಹಾದ ಮೇಲೆ ಗೊಂಬೆ ಅಂಗಡಿಗಳ ಮುಂದೆ ಕಾರು ನಿಲ್ಲುವುದು ಕಡಿಮೆಯಾಗಿದೆ. ಊರೊಳಗೆ ಹಾಯುವ ಬಸ್ಸಿನವರಾದರೂ ಇಳಿದು ನೋಡಬಾರದೇ? ಅಂಗಡಿಯವರಿಗೆ ವ್ಯಾಪಾರ, ಪುಟ್ಟನಿಗೆ ಲೆಕ್ಕ!