ತೆವಳುವ ಕೂಸಿಗೆ ಆಟವೇ ಪಾಠ

ಘಟ್ಟದ ಮೇಲಿನ ಶಿಕಾರಿಪುರ, ಸೊರಬ ತಾಲ್ಲೂಕುಗಳ ಹಳ್ಳಿಗಳಲ್ಲಿ ಅಡಿಕೆ ಸುಲಿಯುವ ಕಾಲ ಬಂತೆಂದರೆ ತಾಯಂದಿರಿಗೆ ಬಿಡುವಿಲ್ಲ. ಎಂಟು ತಿಂಗಳ ಕೂಸು ಅಜ್ಜಿಯ ಪಾಲಿಗೆ. ಅತ್ತರೆ ಕಣ್ಣೆದುರು ಮೊಬೈಲ್. ಮಗು ಸುಮ್ಮನಾಗುತ್ತದೆ ನಿಜ. ಆದರೆ ಸುಮ್ಮನಿದ್ದಷ್ಟು ಹೊತ್ತು ಅದು ಏನನ್ನು ಕಳೆದುಕೊಳ್ಳುತ್ತಿದೆ ಎಂಬುದನ್ನು ನಾವು ಯೋಚಿಸಬೇಕಾಗಿದೆ.

ಒಂದು ವರ್ಷದೊಳಗಿನ ಮಗುವಿಗೆ ಮೊಬೈಲ್, ಟಿ.ವಿ. ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ 2019ರ ಮಾರ್ಗಸೂಚಿಯಲ್ಲಿ ಹೇಳಿದೆ. ಮಗುವನ್ನು ಒಂದು ಗಂಟೆಗಿಂತ ಹೆಚ್ಚು ಹೊತ್ತು ಕದಲದಂತೆ ಕೂರಿಸಬಾರದು, ದಿನಕ್ಕೆ ಹಲವು ಬಾರಿ ನೆಲದ ಮೇಲೆ ಆಡಿಸಬೇಕು ಎಂದೂ ತಿಳಿಸಿದೆ. ಭಾರತ ಸರ್ಕಾರ 2024ರಲ್ಲಿ ಹೊರತಂದ 'ನವಚೇತನಾ' ಮಾರ್ಗದರ್ಶಿಯೂ ಮೂರು ವರ್ಷದೊಳಗಿನ ಮಕ್ಕಳಿಗೆ ಆಟದ ಮೂಲಕವೇ ಕಲಿಸಲು ಹೇಳುತ್ತದೆ. ಇದಕ್ಕೆ ದುಬಾರಿ ಆಟಿಕೆ ಬೇಕಿಲ್ಲ. 8ರಿಂದ 12 ತಿಂಗಳ ಮಗುವಿಗೆ ಈ ಆಟಗಳು ಸಾಕು.

ಮುಚ್ಚಿ ತೋರಿಸುವುದು: ಮಗು ನೋಡುತ್ತಿರುವಾಗಲೇ ಚಮಚವನ್ನು ಟವೆಲಿನಡಿ ಇಡಿ. ಬಟ್ಟೆ ಎಳೆದು ಹುಡುಕಿದರೆ, ಕಾಣದ ವಸ್ತುವೂ ಅಲ್ಲೇ ಇದೆ ಎಂಬ ಅರಿವು ಅದಕ್ಕೆ ಬಂದಿದೆ. ಅಮ್ಮ ಮರೆಯಾದರೆ ಅಳುವ ವಯಸ್ಸೂ ಇದೇ. ಸೆರಗಿನಲ್ಲಿ ಮುಖ ಮರೆಸಿ ಮತ್ತೆ ತೋರಿಸಿದರೆ, ಹೋದವರು ಮರಳಿ ಬರುತ್ತಾರೆಂಬ ಧೈರ್ಯ ಮೂಡುತ್ತದೆ.

ಹಾಕುವುದು, ತೆಗೆಯುವುದು: ಸ್ಟೀಲ್ ಡಬ್ಬಿ, ಮುಚ್ಚಳ, ಮರದ ಸೌಟು ಕೊಡಿ. ಮತ್ತೆ ಮತ್ತೆ ಬೀಳಿಸಿದರೆ ಗದರಬೇಡಿ. ಅದು ತುಂಟತನವಲ್ಲ, ಕಲಿಕೆ.

ತೆವಳುವುದು: ಚಾಪೆ ಹಾಸಿ, ಇಷ್ಟದ ವಸ್ತುವನ್ನು ಸ್ವಲ್ಪ ದೂರವಿಡಿ. ಚಕ್ರದ ವಾಕರ್ ಬೇಡ. ಉರುಳಿ ಬೀಳುವ ಅಪಾಯದಿಂದಾಗಿ ಕೆನಡಾ ದೇಶ 2004ರಲ್ಲಿ ಅದನ್ನು ನಿಷೇಧಿಸಿತು.

ಮಾತನಾಡಿಸುವುದು: ಮಗು 'ಬಾ ಬಾ' ಎಂದರೆ ನೀವೂ ಹಾಗೆಯೇ ಹೇಳಿ, ಅದರ ಉತ್ತರಕ್ಕೆ ಕಾಯಿರಿ. ಮೊಬೈಲ್ ಹಾಡುತ್ತದೆ, ಆದರೆ ಹೀಗೆ ಕಾಯುವುದಿಲ್ಲ.

ಎಚ್ಚರಿಕೆಯೂ ಅಗತ್ಯ. ಈ ವಯಸ್ಸಿನ ಮಗು ಸಿಕ್ಕಿದ್ದೆಲ್ಲವನ್ನೂ ಬಾಯಿಗೆ ಹಾಕುತ್ತದೆ. ಅಡಿಕೆ, ಕಡಲೆಬೀಜ, ನಾಣ್ಯ, ಗುಂಡಿ ಗಂಟಲಲ್ಲಿ ಸಿಕ್ಕಿದರೆ ಉಸಿರು ಕಟ್ಟೀತು. ಅಡಿಕೆ ರಾಶಿ ಬಿದ್ದ ಅಂಗಳದಲ್ಲಿ ಮಗುವನ್ನು ಒಂಟಿಯಾಗಿ ಬಿಡಬೇಡಿ.

ಆಟದಿಂದ ಇನ್ನೊಂದು ಉಪಕಾರವಿದೆ: ಮಗುವಿನ ತೊಂದರೆ ಬೇಗ ಕಣ್ಣಿಗೆ ಬೀಳುತ್ತದೆ. ಒಂಬತ್ತು ತಿಂಗಳು ತುಂಬಿದರೂ ಆಸರೆಯಿಲ್ಲದೆ ಕೂರದಿದ್ದರೆ, ಹೆಸರು ಕರೆದರೂ ತಿರುಗದಿದ್ದರೆ, ಕಲಿತದ್ದನ್ನು ಮರೆತಂತಿದ್ದರೆ, 'ನಿಧಾನಕ್ಕೆ ಬರುತ್ತೆ ಬಿಡಿ' ಎಂದು ಸುಮ್ಮನಾಗಬಾರದು. ಕಿವುಡುತನ ಬೇಗ ಪತ್ತೆಯಾದಷ್ಟೂ ಮಾತು ಕಲಿಸುವುದು ಸುಲಭ. ಅಂಗನವಾಡಿ ಅಥವಾ ಆಶಾ ಕಾರ್ಯಕರ್ತೆಗೆ ತಿಳಿಸಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಮಕ್ಕಳ ಉಚಿತ ತಪಾಸಣೆ ನಡೆಯುತ್ತದೆ.

ಮನೆಭೇಟಿಗೆ ಹೋಗುವ ಧರ್ಮಕೇಂದ್ರದ ಕಾರ್ಯಕರ್ತರಲ್ಲಿ ನಮ್ಮದೊಂದು ವಿನಂತಿ. ಉಪದೇಶ ಬೇಡ, ಹತ್ತು ನಿಮಿಷ ಚಾಪೆಯ ಮೇಲೆ ಕುಳಿತು ಮಗುವನ್ನು ಆಡಿಸಿ. ನೋಡುತ್ತಿರುವ ಅಜ್ಜಿಗೆ ತಾನು ಮಕ್ಕಳನ್ನು ಸಾಕಿದ ಬಗೆ ನೆನಪಾಗುತ್ತದೆ. ಮುಂದಿನದನ್ನು ಆಕೆಯೇ ನೋಡಿಕೊಂಡಾಳು.