ಸರ್ವರ್ ನಿಂತಾಗ ಡಿಸ್ಕನ್ನೇ ದೂರಬೇಡಿ

ಬಾಗಲಕೋಟೆ: ಬೆಳೆ ಸಾಲಕ್ಕೆ ಪಹಣಿ ಬೇಕೆಂದು ಹೋದವರು ‘ಸರ್ವರ್ ಡೌನ್’ ಎಂಬ ಉತ್ತರ ಪಡೆದು ಹಿಂದಿರುಗುವುದು ಬಾದಾಮಿ, ಹುನಗುಂದ ಭಾಗದಲ್ಲಿ ಅಪರೂಪವೇನಲ್ಲ. ಈ ಎರಡು ಪದಗಳ ಹಿಂದೆ ಜಾಲದ ಅಡಚಣೆ, ವಿದ್ಯುತ್ ವ್ಯತ್ಯಯ, ತಂತ್ರಾಂಶದ ದೋಷ ಹೀಗೆ ಹಲವು ಕಾರಣಗಳಿರಬಹುದು. ಅವುಗಳಲ್ಲಿ ಡಿಸ್ಕ್ ಕಂಟ್ರೋಲರ್‌ನ ದೋಷ ಮಾತ್ರ ಬೇರೆ ತೆರನಾದುದು. ಅದನ್ನು ತಪ್ಪಾಗಿ ನಿರ್ವಹಿಸಿದರೆ ದಾಖಲೆಗಳೇ ಅಳಿಸಿಹೋಗಬಹುದು.

ಕಂದಾಯ ಇಲಾಖೆಯ ‘ಭೂಮಿ’ ಯೋಜನೆ 2000ರ ಸುಮಾರಿಗೆ ಜಾರಿಗೆ ಬಂದಾಗ ತಾಲ್ಲೂಕು ಕಚೇರಿಗಳಲ್ಲಿ 15 ರೂಪಾಯಿಗೆ ಮುದ್ರಿತ ಪಹಣಿ ದೊರೆಯತೊಡಗಿತು. ರಾಜ್ಯದ ಸುಮಾರು 2 ಕೋಟಿ ದಾಖಲೆಗಳು ಕಂಪ್ಯೂಟರ್ ಸೇರಿದವು. ಕೈಬರಹದ ಪಹಣಿ ಮಾನ್ಯತೆ ಕಳೆದುಕೊಂಡಿತು. ಆಗ ತಾಲ್ಲೂಕಿನ ದತ್ತಾಂಶ ಅದೇ ಕಚೇರಿಯ ಸರ್ವರ್‌ನಲ್ಲಿರುತ್ತಿತ್ತು. ಮುಂದೆ ಅದು ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರಕ್ಕೆ ಸೇರಿತು. ಆದರೆ ಪತ್ತಿನ ಸಹಕಾರ ಸಂಘ, ಆಸ್ಪತ್ರೆ, ಕಾಲೇಜು, ಇಳಕಲ್‌ನ ಸೀರೆ ಅಥವಾ ಗ್ರಾನೈಟ್ ವ್ಯಾಪಾರಿ ಸ್ವಂತ ಸರ್ವರ್ ಇಟ್ಟುಕೊಂಡಿದ್ದರೆ ಅದರ ಹೊಣೆ ಅವರದೇ.

ಗುಮಾಸ್ತ ಬಾರದ ದಿನ

ಡಿಸ್ಕುಗಳನ್ನು ದಾಖಲೆ ಕೊಠಡಿಯ ಕಪಾಟುಗಳೆಂದು ಭಾವಿಸಿದರೆ, ಕಂಟ್ರೋಲರ್ ಅಲ್ಲಿ ಕಡತ ತೆಗೆದಿಡುವ ಗುಮಾಸ್ತ. ಆಪರೇಟಿಂಗ್ ಸಿಸ್ಟಂನ ಆದೇಶವನ್ನು ಅವನಿಗೆ ಅರ್ಥವಾಗುವಂತೆ ತಲುಪಿಸುವ ತಂತ್ರಾಂಶವೇ ಡ್ರೈವರ್. ಗುಮಾಸ್ತ ಬಾರದ ದಿನ ಕಡತ ಸಿಗದು. ಹಾಗೆಂದು ಕಡತ ನಾಶವಾಯಿತೆಂದು ಅರ್ಥವಲ್ಲ. ಕಂಟ್ರೋಲರ್ ಕೆಟ್ಟಾಗಲೂ ಬಹುತೇಕ ದತ್ತಾಂಶ ಡಿಸ್ಕುಗಳಲ್ಲಿ ಸುರಕ್ಷಿತವಾಗಿಯೇ ಇರುತ್ತದೆ.

ಹಲವು ಡಿಸ್ಕುಗಳನ್ನು ಒಂದಾಗಿ ಬಳಸುವ ವ್ಯವಸ್ಥೆಗೆ ರೇಡ್ ಎನ್ನುತ್ತಾರೆ. ರೇಡ್ 5 ವಿಧಾನದಲ್ಲಿ ಒಂದು ಡಿಸ್ಕ್ ಕೆಟ್ಟರೂ ಕೆಲಸ ನಡೆಯುತ್ತದೆ. ಎರಡು ಕೈಕೊಟ್ಟರೆ ಇಡೀ ಗುಂಪು ನಿಲ್ಲುತ್ತದೆ.

ದೋಷ ಪತ್ತೆ ಹೇಗೆ?

ಒಂದೇ ಡಿಸ್ಕ್ ಪದೇ ಪದೇ ದೋಷ ತೋರಿದರೆ ಸಂಶಯ ಆ ಡಿಸ್ಕಿನ ಮೇಲೆ. ಎರಡು ಮೂರು ಡಿಸ್ಕುಗಳು ಒಂದೇ ನಿಮಿಷದಲ್ಲಿ ಕಣ್ಮರೆಯಾದರೆ ಅವೆಲ್ಲಕ್ಕೂ ಸಮಾನವಾದ ಕಂಟ್ರೋಲರ್, ಕೇಬಲ್ ಮತ್ತು ವಿದ್ಯುತ್ ಪೂರೈಕೆಯನ್ನು ಮೊದಲು ಪರೀಕ್ಷಿಸಬೇಕು.

ವಿಂಡೋಸ್ ಸರ್ವರ್‌ನ ಸಿಸ್ಟಂ ಲಾಗ್‌ನಲ್ಲಿ ಡಿಸ್ಕ್ ಕುರಿತ 7ನೇ ಸಂಖ್ಯೆಯ ಸಂದೇಶವಿದ್ದರೆ ಡಿಸ್ಕಿನ ಯಾವುದೋ ಭಾಗ ಕೆಟ್ಟಿದೆ ಎಂದರ್ಥ. 11 ಎಂಬುದು ಕಂಟ್ರೋಲರ್ ದೋಷದ ಸೂಚನೆ. ಸಡಿಲ ಕೇಬಲ್‌ನಿಂದಲೂ ಇದು ಬರುತ್ತದೆ. 129 ಬಂದರೆ ಸಾಧನ ಸಕಾಲದಲ್ಲಿ ಉತ್ತರಿಸಿಲ್ಲ ಎಂದು ತಿಳಿಯಬೇಕು. ಸಾಟಾ ಡಿಸ್ಕುಗಳ ಸ್ಮಾರ್ಟ್ ವರದಿಯಲ್ಲಿ 5 ಮತ್ತು 197ನೇ ಅಂಶಗಳು ಏರುತ್ತಿದ್ದರೆ ಡಿಸ್ಕ್ ಸವೆಯುತ್ತಿದೆ. 199ನೇ ಅಂಶ ಮಾತ್ರ ಏರುತ್ತಿದ್ದರೆ ಸಾಮಾನ್ಯವಾಗಿ ಕೇಬಲ್ಲೇ ಕಾರಣ.

ಅಪ್‌ಡೇಟ್ ಮಾಡಿದ ಮರುಕ್ಷಣ ಸರ್ವರ್ ಏಳದಿದ್ದರೆ ಡ್ರೈವರ್ ಮೇಲೆ ಗಮನ ಹರಿಸಬೇಕು. 2019ರಲ್ಲಿ ಬಂದ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 8 ಆವೃತ್ತಿ ಹಲವು ಹಳೆಯ ಕಂಟ್ರೋಲರ್‌ಗಳ ಬೆಂಬಲವನ್ನು ಕೈಬಿಟ್ಟಿತು. ಯಂತ್ರ ಚೆನ್ನಾಗಿದ್ದರೂ ಹೊಸ ಆವೃತ್ತಿಗೆ ಅದರ ಡಿಸ್ಕುಗಳು ಕಾಣದಿರುವುದು ಹೀಗೆ. ಸರ್ವರ್ ನಿಲ್ಲದೆ ಕೇವಲ ನಿಧಾನವಾಗಿದ್ದರೆ ಕಂಟ್ರೋಲರ್‌ನ ಕ್ಯಾಶ್ ಬ್ಯಾಟರಿಯನ್ನು ನೋಡಬೇಕು. ಬ್ಯಾಟರಿ ಸೋತರೆ ಹಲವು ಕಂಟ್ರೋಲರ್‌ಗಳು ಸುರಕ್ಷತೆಗಾಗಿ ಪ್ರತಿಯೊಂದು ಬರಹವನ್ನೂ ನೇರವಾಗಿ ಡಿಸ್ಕಿಗೇ ಕಳುಹಿಸುತ್ತವೆ, ವೇಗ ಕುಸಿಯುತ್ತದೆ.

ಅವಸರವೇ ಅಪಾಯ

ಯಾವುದನ್ನೂ ಬಿಚ್ಚುವ ಮೊದಲು ಪರದೆಯ ಸಂದೇಶವನ್ನು ಬರೆದುಕೊಳ್ಳಬೇಕು. ಬ್ಯಾಕಪ್ ಇದೆಯೇ ಎಂದು ಖಚಿತಪಡಿಸಿಕೊಂಡು, ಯಾವ ಡಿಸ್ಕ್ ಯಾವ ಸ್ಥಾನದಲ್ಲಿತ್ತೆಂದು ಗುರುತು ಹಾಕಬೇಕು. ಆನಂತರವೇ ಸರ್ವರ್ ಆರಿಸಿ, ದೂಳು ತೆಗೆದು, ಕೇಬಲ್ ಮತ್ತು ಕಾರ್ಡನ್ನು ಮತ್ತೆ ಭದ್ರವಾಗಿ ಕೂರಿಸಬೇಕು. ಬೇಸಿಗೆಯಲ್ಲಿ 40 ಡಿಗ್ರಿ ಮುಟ್ಟುವ ಈ ಜಿಲ್ಲೆಯಲ್ಲಿ ಬಿಸಿ ಮತ್ತು ದೂಳಿನಿಂದಲೇ ಅನೇಕ ತೊಂದರೆಗಳು ಹುಟ್ಟುತ್ತವೆ.

ಕಂಟ್ರೋಲರ್ ಬದಲಿಸುವುದಾದರೆ ಅದೇ ಮಾದರಿಯದು, ಇಲ್ಲವೇ ತಯಾರಕರು ಹೊಂದುತ್ತದೆಂದು ಹೇಳಿದ್ದನ್ನೇ ಹಾಕಬೇಕು. ರೇಡ್ ಗುಂಪಿನ ವಿವರವನ್ನು ಇಂದಿನ ಬಹಳಷ್ಟು ಕಂಟ್ರೋಲರ್‌ಗಳು ಡಿಸ್ಕುಗಳಲ್ಲಿಯೇ ಬರೆದಿಡುತ್ತವೆ. ಹೊಸ ಕಾರ್ಡ್ ಅದನ್ನು ‘ಫಾರಿನ್ ಕಾನ್ಫಿಗರೇಷನ್’ ಎಂದು ಗುರುತಿಸಿ, ‘ಇಂಪೋರ್ಟ್’ ಮಾಡಲೇ ಅಥವಾ ‘ಕ್ಲಿಯರ್’ ಮಾಡಲೇ ಎಂದು ಕೇಳುತ್ತದೆ. ಇಲ್ಲಿ ‘ಕ್ಲಿಯರ್’ ಒತ್ತಿ, ಮೇಲೆ ‘ಇನಿಷಿಯಲೈಸ್’ ಕೂಡ ಮಾಡಿದರೆ, ಹೊಸ ಗುಮಾಸ್ತ ಪಟ್ಟಿಯನ್ನೇ ಓದದೆ ಕಪಾಟು ಖಾಲಿ ಮಾಡಿದಂತೆ. ಗೊತ್ತಾಗದಿದ್ದಲ್ಲಿ ಅಲ್ಲಿಯೇ ನಿಲ್ಲಿಸಿ ತಜ್ಞರನ್ನು ಕರೆಸುವುದು ಲೇಸು. ಎರಡು ದಿನ ವ್ಯವಹಾರ ನಿಂತರೆ ಆಗುವ ನಷ್ಟವನ್ನು ತುಂಬಿಕೊಳ್ಳಬಹುದು. ಸದಸ್ಯರ ಠೇವಣಿ, ಸಾಲದ ಲೆಕ್ಕ ಅಳಿಸಿದರೆ ತುಂಬುವುದು ಕಷ್ಟ.

ರೇಡ್ ಇದೆಯೆಂದು ಬ್ಯಾಕಪ್ ಕೈಬಿಡುವುದೂ ಸಲ್ಲದು. ತಪ್ಪಿ ಅಳಿಸಿದ ಕಡತ ಎಲ್ಲ ಡಿಸ್ಕುಗಳಿಂದಲೂ ಒಟ್ಟಿಗೇ ಹೋಗುತ್ತದೆ. ಬ್ಯಾಕಪ್‌ನ ಒಂದು ಪ್ರತಿ ಬೇರೆ ಕಟ್ಟಡದಲ್ಲಿರಬೇಕು. ತಿಂಗಳಿಗೊಮ್ಮೆ ಅದರಿಂದ ಕೆಲವು ಕಡತಗಳನ್ನಾದರೂ ತೆರೆದು ನೋಡಬೇಕು.