ನಾಲ್ಕು ಬದು ಅಳೆದರೆ ಹೊಲ ಅಳೆದಂತಲ್ಲ

ಬೀದರ್ ನಗರದ ಮಹಮೂದ್ ಗವಾನ್ ಮದರಸಾ 1472ರ ಕಟ್ಟಡ. ಉದ್ದ 205 ಅಡಿ, ಅಗಲ 180 ಅಡಿ. ನಾಲ್ಕೂ ಬದಿ ಕೂಡಿಸಿದರೆ ಸುತ್ತಳತೆ 770 ಅಡಿ. ಉದ್ದ ಅಗಲ ಗುಣಿಸಿದರೆ ವಿಸ್ತೀರ್ಣ 36,900 ಚದರಡಿ. ಒಂದು ಗುಂಟೆಯೆಂದರೆ 33 ಅಡಿಯ ಚೌಕ, ಅಂದರೆ 1,089 ಚದರಡಿ. ಹಾಗಾದರೆ ಮದರಸಾ ನಿಂತಿರುವುದು ಸುಮಾರು 34 ಗುಂಟೆಯಲ್ಲಿ. ಎಕರೆಗೆ ಇನ್ನಾರು ಗುಂಟೆ ಕಡಿಮೆ. ಲೆಕ್ಕ ಇಷ್ಟು ಸಲೀಸಾದದ್ದು ಅದರ ಮೂಲೆಗಳು ಲಂಬಕೋನವಾಗಿರುವುದರಿಂದ.

ಔರಾದ್, ಭಾಲ್ಕಿ ಕಡೆಯ ತೊಗರಿ, ಸೋಯಾ ಹೊಲಗಳಿಗೆಲ್ಲ ಅಂಥ ಮೂಲೆಗಳಿರುವುದಿಲ್ಲ. ಹಳ್ಳ ಬಾಗಿದಂತೆ, ಬಂಡಿದಾರಿ ತಿರುಗಿದಂತೆ ಬದುವೂ ತಿರುಗುತ್ತದೆ. ಇಂಥ ಹೊಲಕ್ಕೂ ಎದುರುಬದುರು ಬದುಗಳ ಸರಾಸರಿ ತೆಗೆದು ಗುಣಿಸುವ ರೂಢಿಯುಂಟು. ಆಯತವೊಂದನ್ನು ಬಿಟ್ಟರೆ ಬೇರೆಲ್ಲ ಚತುರ್ಭುಜಕ್ಕೂ ಈ ಲೆಕ್ಕ ಇದ್ದುದಕ್ಕಿಂತ ಹೆಚ್ಚು ಭೂಮಿಯನ್ನೇ ತೋರಿಸುತ್ತದೆ. ಕೊಳ್ಳುವವನಿಗೆ ಅದು ನಷ್ಟ.

ನಾಲ್ಕೂ ಬದು 33 ಅಡಿ ಸರಪಳಿಯಲ್ಲಿ ಐದೈದು ಸರಪಳಿ ಇವೆಯೆನ್ನಿ. ಮೂಲೆ ಸರಿಯಿದ್ದರೆ 25 ಗುಂಟೆ. ಅದೇ ಹೊಲ ಒಂದು ಕಡೆ ವಾಲಿ, ಮೂಲೆಯಿಂದ ಮೂಲೆಗೆ ಒಂದು ಕರ್ಣ 6, ಇನ್ನೊಂದು 8 ಸರಪಳಿ ಬಂದರೆ? ಎರಡನ್ನೂ ಗುಣಿಸಿ ಅರ್ಧ ಮಾಡಿದರೆ 24 ಗುಂಟೆ. ಇನ್ನು 9 ಸರಪಳಿ ಉದ್ದ, 1 ಸರಪಳಿ ಅಗಲದ ಪಟ್ಟಿಯಾದರೆ ಬರೀ 9 ಗುಂಟೆ. ಮೂರಕ್ಕೂ ಸುತ್ತಳತೆ 20 ಸರಪಳಿಯೇ. ಮುಳ್ಳುತಂತಿಯ ಖರ್ಚೂ ಒಂದೇ.

ನಾಲ್ಕು ಕೋಲುಗಳ ತುದಿಗೆ ಮೊಳೆ ಹೊಡೆದು ಜೋಡಿಸಿ ಒತ್ತಿದರೆ ಚೌಕಟ್ಟು ವಾಲುತ್ತದೆ. ಮೂರು ಕೋಲಿನದು ವಾಲುವುದಿಲ್ಲ. ತ್ರಿಕೋನದ ಮೂರು ಬದಿ ಗೊತ್ತಾದರೆ ಅದರ ಆಕಾರ, ವಿಸ್ತೀರ್ಣ ಎರಡೂ ನಿಶ್ಚಿತ. ನಾಲ್ಕು ಬದಿಗೆ ಆ ಗುಣವಿಲ್ಲ. ಸರ್ವೇಯರು ಹೊಲದ ನಡುವೆ ಉದ್ದಕ್ಕೆ ಗೆರೆ ಹಿಡಿದು, ಮೂಲೆಗಳಿಂದ ಅದಕ್ಕೆ ಲಂಬ ಅಳೆದು, ಹೊಲವನ್ನು ತ್ರಿಕೋನ, ಸಮಲಂಬಗಳಾಗಿ ಒಡೆಯುವುದು ಇದಕ್ಕೇ.

ಮಳಖೇಡದಿಂದ ಆಳಿದ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ ಬರೆದರು. ಕ್ಷೇತ್ರಗಣಿತವನ್ನು ಅವರು ವ್ಯಾವಹಾರಿಕ, ಸೂಕ್ಷ್ಮ ಎಂದು ಎರಡು ಬಗೆಯಲ್ಲಿ ಹೇಳುತ್ತಾರೆ. ಸರಾಸರಿಗಳ ಗುಣಾಕಾರ ವ್ಯಾವಹಾರಿಕಕ್ಕೆ ಸೇರಿದ್ದು, ಅಂದರೆ ಅಂದಾಜಿನದು. ಅವರ ಸೂಕ್ಷ್ಮ ಸೂತ್ರವೂ ನಾಲ್ಕು ಬದಿಗಳನ್ನೇ ನೆಚ್ಚಿದ್ದು. ಮೂಲೆಗಳೆಲ್ಲ ಒಂದೇ ವೃತ್ತದ ಮೇಲೆ ಬೀಳುವ ಆಕೃತಿಗಷ್ಟೇ ಅದು ಸರಿಹೋಗುತ್ತದೆ. ನಮ್ಮ ವಾಲಿದ ಹೊಲಕ್ಕೆ ಅದು ಕೂಡ 25 ಎಂದೇ ಹೇಳೀತು.

ಅಣ್ಣತಮ್ಮಂದಿರು ಪಾಲು ಹಂಚಿಕೊಳ್ಳುವಾಗ, ಹೊಲ ಕೊಳ್ಳುವಾಗ, ನಾಲ್ಕು ಬದುಗಳ ಜೊತೆಗೆ ಒಂದು ಕರ್ಣವನ್ನೂ ಅಳೆಯಿರಿ. ಎರಡು ತ್ರಿಕೋನಗಳ ಲೆಕ್ಕವನ್ನು ಪಹಣಿಯ ಎಕರೆ-ಗುಂಟೆಗೆ ತಾಳೆ ಹಾಕಿದ ಮೇಲೆಯೇ ಸಹಿ ಮಾಡಿ.